ಲಿನ್ ಕುಡಿದ ನನ್ನ ಗ್ಲಾಸು

ನಿಮ್ಮ ಗಂಡ ಲಿನ್ ನಿಮಗೆ ಸುಳ್ಳು ಹೇಳಿರಲಿಲ್ಲ, ಮೇಲಿಂಗ್ ಅವರೇ. ಸುಳ್ಳು ಹೇಳಿದವನು ನಾನು – ಹನಿ ಮದ್ಯವನ್ನೂ ಮುಟ್ಟದವನೆಂದು ನೀವು ನಂಬಿದ್ದ ನಾನು.

ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಗದ್ದಲದ ದಿನಗಳು. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಲಿನ್ ಮತ್ತು ನಾನು ಅಕ್ಕಪಕ್ಕ ಕೂರುತ್ತಿದ್ದೆವು. ಇಬ್ಬರ ಗ್ರೀನ್ ಕಾರ್ಡ್ ಅರ್ಜಿಯೂ ಕಂಪನಿಯ ಕೈಯಲ್ಲಿ. ಕೆಲಸ ಬಿಡುವ ಹಾಗಿಲ್ಲ, ಎದುರಾಡುವ ಹಾಗಿಲ್ಲ. ಗುರುವಾರ ಸಂಜೆ ಮ್ಯಾನೇಜರ್ ಎಲ್ಲರನ್ನೂ ಬಾರ್‌ಗೆ ಕರೆದೊಯ್ದು, ಕೇಳದೆಯೇ ಬಿಯರ್ ತರಿಸುತ್ತಿದ್ದ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಕುಡಿಯುವ ಧೈರ್ಯವೂ ಇರಲಿಲ್ಲ – ಮಡಿವಂತರ ಮನೆಯಲ್ಲಿ ಬೆಳೆದವನು.

ನನ್ನ ಪೇಚಾಟವನ್ನು ಲಿನ್ ಗಮನಿಸಿದ. ಕುಡಿಯಲಾಗದವನ ಪಾಲನ್ನು ಸ್ನೇಹಿತ ಕುಡಿದು ಅವನ ಮಾನ ಉಳಿಸುವುದು ತಮ್ಮ ಚೀನೀಯರಲ್ಲಿ ಪದ್ಧತಿ ಎಂದು ಹೇಳಿ, ನನ್ನ ಗ್ಲಾಸನ್ನು ಮೆಲ್ಲಗೆ ಎಳೆದುಕೊಂಡ. ಒಂದೇ ಗುಟುಕಿಗೆ ಕೆಂಪಾಗುವ ಮುಖ ಅವನದು. ಎಲ್ಲರೂ ನಕ್ಕರು. ಆಫೀಸಿನಲ್ಲಿ ಬಾಯಿ ಬಿಡಲು ಅಂಜುತ್ತಿದ್ದವನು ಅಂದು ಇಂಗ್ಲಿಷಿನಲ್ಲಿ ಜೋಕು ಹೇಳಿದ.

ಆಮೇಲೆ ಅವನು ಕೇಳುವ ಮೊದಲೇ ನಾನು ಗ್ಲಾಸು ಸರಿಸತೊಡಗಿದೆ. ಬರಬರುತ್ತಾ ಅವನಿಗೆ ಗುರುವಾರವೊಂದೇ ಸಾಲದಾಯಿತು. ಬೆಳಗಿನ ಮೀಟಿಂಗಿನಲ್ಲೂ ಮುಖ ಕೆಂಪಗಿರುತ್ತಿತ್ತು. ಕಂಡೂ ಕಾಣದವನಂತಿದ್ದೆ. ಮನೆಯಲ್ಲಿ ಮಾತ್ರ ಅವನಿಗೆ ಅದೇನು ಚಟವೋ ಎಂದು ಲೊಚಗುಟ್ಟಿದೆ. "ಸದ್ಯ, ನೀವು ಹಂಗಿಲ್ವಲ್ಲ ಬಿಡಿ" ಎಂದಳು ನನ್ನ ಹೆಂಡತಿ. ನಾನು ಬೀಗಿದೆ – ಥೂ.

ಒಂದು ಮಧ್ಯಾಹ್ನ ನೀವು ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ತಡೆದಿರಿ. "ಆಫೀಸಿನವರ ಜೊತೆ ಕುಡಿಯಲೇಬೇಕಾಗುತ್ತದೆ ಎಂದು ಲಿನ್ ಹೇಳುತ್ತಾನೆ, ನಿಜವೇ? ನೀವು ಕುಡಿಯದವರು, ನಿಮ್ಮ ಮಾತು ನಂಬುತ್ತೇನೆ" ಎಂದಿರಿ.

"ಇಲ್ಲವಲ್ಲ, ನಾವೆಲ್ಲ ಬರೀ ಕೋಕ್ ಕುಡಿಯೋದು" ಎಂದೆ.

ನಿಜ ಹೇಳಿದರೆ ನೀವು ಅವನನ್ನು ಬಾರ್‌ಗೆ ಬಿಡುವುದಿಲ್ಲ, ಮುಂದಿನ ವಾರ ನನ್ನ ಗ್ಲಾಸನ್ನು ಯಾರ ಕಡೆ ಸರಿಸಲಿ – ತಲೆಯಲ್ಲಿದ್ದದ್ದು ಅಷ್ಟೇ. ಸುಳ್ಳು ಹೇಳಿದವನು ಲಿನ್ ಎಂದುಕೊಂಡು ನೀವು ಅವನನ್ನು ಬಿಟ್ಟು ಹ್ಯೂಸ್ಟನ್ನಿನ ಅಕ್ಕನ ಮನೆಗೆ ಹೋದಿರಿ. ಆ ಗುರುವಾರ ಲಿನ್ ಕೈ ಚಾಚಿ ನನ್ನ ಗ್ಲಾಸು ತೆಗೆದುಕೊಂಡ.

ಕೊನೆಗೆ ಅವನ ಕೆಲಸ ಹೋಯಿತು, ಅವನು ದೇಶ ಬಿಟ್ಟ. ನನಗೆ ಗ್ರೀನ್ ಕಾರ್ಡ್ ಬಂತು. ಇಷ್ಟು ವರ್ಷದ ಮೇಲೂ, ಯಾರಾದರೂ ನನ್ನ ಮುಂದೆ ಗ್ಲಾಸು ಇಟ್ಟರೆ ಕೈ ತಾನಾಗಿ ಪಕ್ಕಕ್ಕೆ –

ನೀವು ಓದಲಾರದ ಭಾಷೆಯಲ್ಲಿ ಇದನ್ನು ಬರೆದೆ, ಅದೂ ಹೇಡಿತನವೇ. ನಾಳೆ ಹ್ಯೂಸ್ಟನ್ನಿಗೆ ಬರುತ್ತೇನೆ. ನಿಮ್ಮ ಬಾಗಿಲಲ್ಲಿ ನಿಂತು, ನಿಮಗೆ ತಿಳಿಯುವ ಮಾತಿನಲ್ಲಿ, ಮೊದಲ ಸಾಲನ್ನಾದರೂ ಹೇಳುತ್ತೇನೆ.