ಹೊಸಿಲಾಚೆಯಿಂದ ಕರೆಯುವುದು

ಹೊಳೆನರಸೀಪುರದ ಕೋಟೆ ಬೀದಿಯ ಆ ಮನೆಯಲ್ಲಿ ಇಬ್ಬರು ಮಡಿಯವರಿದ್ದರು. ಅಡುಗೆಮನೆಯಲ್ಲಿ ಶ್ರೀರಂಗಮ್ಮನವರು, ಹಿತ್ತಲ ಜಗಲಿಯಲ್ಲಿ ಅವರ ಸೊಸೆ ಹಂಸ. ಅತ್ತೆ ಬೆಳಿಗ್ಗೆ ಮಿಂದು ಮಡಿಸೀರೆ ಉಟ್ಟರೆ, ದೇವರಿಗೆ ನೈವೇದ್ಯವಾಗಿ ಎಲ್ಲರ ಊಟ ಮುಗಿಯುವವರೆಗೂ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಸೊಸೆ ವೈರು ಬೆಸೆಯುವ ಕಡ್ಡಿ ಕಾಯಿಸಿಕೊಂಡು ಕೂತರೆ, ಕೆಲಸ ಮುಗಿಯುವವರೆಗೂ ಅವಳನ್ನು ಮುಟ್ಟುವಂತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಮಗ ಮುರಳೀಕೃಷ್ಣ ಹೆಂಡತಿಯ ಹೆಗಲು ತಟ್ಟಿ ಏನೋ ಕೇಳಲು ಹೋದಾಗ ಶ್ರೀರಂಗಮ್ಮನವರೇ ತಡೆದಿದ್ದರು. "ಮುಟ್ಟಬೇಡವೋ, ಅವಳು ಮಡೀಲಿದಾಳೆ" ಎಂದಿದ್ದರು. ತಮಾಷೆಗೆ ಅಂದ ಮಾತಾದರೂ ಹಂಸಳ ಮನಸ್ಸಿನಲ್ಲಿ ಉಳಿದುಕೊಂಡಿತು. ಅವಳ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷಕ್ಕೇ ನಿಂತಿತ್ತು. ಹಾಸನದ ತವರುಮನೆಯಲ್ಲಿ ಅವಳ ಬೋರ್ಡು, ವೈರುಗಳನ್ನು ಕಸವೆಂದು ಒಂದೆರಡು ಸಲ ಗುಡಿಸಿದ್ದರು. ಇಲ್ಲಿ ಅತ್ತೆ ಅವಳ ಕೆಲಸದ ಮೇಜಿನ ಧೂಳು ಒರೆಸುವ ಮೊದಲು ಸೊಸೆಯನ್ನು ಕೇಳುತ್ತಿದ್ದರು.

ವಿಡಿಯೊ ನೋಡಿ, ಕೆಡಿಸಿ, ಮತ್ತೆ ಮಾಡಿ ಹಂಸ ಕಲಿತಳು. ಬೆಂಕಿಪೊಟ್ಟಣದಷ್ಟು ಉದ್ದದ ಒಂದು ಬೋರ್ಡು, ಅದರ ಮೇಲೊಂದು ಕಂಪ್ಯೂಟರ್ ಚಿಪ್. ಇವಳು ಬರೆದ ಪ್ರೋಗ್ರಾಮು ಅದರೊಳಗೆ ಹೋಗಿ ಕೂತರೆ ತೊಟ್ಟಿ ತುಂಬಿದಾಗ ಮೋಟಾರು ತಾನಾಗಿ ನಿಲ್ಲುತ್ತಿತ್ತು, ಕತ್ತಲಾದಾಗ ತುಳಸಿಕಟ್ಟೆಯ ದೀಪ ತಾನಾಗಿ ಹತ್ತುತ್ತಿತ್ತು.

ಈಚೆಗೆ ಶ್ರೀರಂಗಮ್ಮನವರ ಕಿವಿ ಮಂದವಾಗಿತ್ತು. ಅವರು ಅದನ್ನು ಒಪ್ಪುತ್ತಿರಲಿಲ್ಲ. ಹಾಸನದಿಂದ ಕಿವಿಗೆ ಇಟ್ಟುಕೊಳ್ಳುವ ಯಂತ್ರ ಕೊಡಿಸಿದ್ದಾಗಿತ್ತು. ಸೌಟು ಪಾತ್ರೆಗೆ ತಾಗಿದರೂ ತಲೆಯೊಳಗೆ ಸಿಡಿಲು ಹೊಡೆದಂತಾಗುತ್ತದೆಂದು ಅದನ್ನು ಡಬ್ಬಿಗೆ ಹಾಕಿಟ್ಟರು. ಮಧ್ಯಾಹ್ನದ ಮೇಲೆ ತೊಂದರೆಯಿರಲಿಲ್ಲ, ಭುಜ ಮುಟ್ಟಿ ಕರೆಯಬಹುದಿತ್ತು. ಬೆಳಿಗ್ಗೆ ಮಾತ್ರ ಬಲು ಕಷ್ಟ. ಕೂಗಿದರೆ ಕೇಳದು, ಮುಟ್ಟಿದರೆ ಮಡಿ ಕೆಡುತ್ತದೆ. ಮುರಳಿ ಹೊಸಿಲಾಚೆ ನಿಂತು ಹೂವು ಎಸೆಯುತ್ತಿದ್ದ. ಒಂದು ದಿನ ಸೇವಂತಿಗೆ ಸಾರಿನ ಪಾತ್ರೆಗೇ ಬಿತ್ತು.

"ಹೂವು ಎಸೀತೀಯಲ್ಲೋ, ನಾನೇನು ಉತ್ಸವಮೂರ್ತಿಯೇ?" ಎಂದರು ಶ್ರೀರಂಗಮ್ಮ. ಎಲ್ಲರೂ ನಕ್ಕರು.

ನಗು ನಿಂತದ್ದು ಕುಕ್ಕರಿನ ದಿನ. ಬೇಳೆ ಇಟ್ಟು, ಒಲೆಗೆ ಬೆನ್ನು ಮಾಡಿ ಈಳಿಗೆಮಣೆಯ ಮುಂದೆ ಕೂತಿದ್ದರು. ಏಳೆಂಟು ಸಲ ಕೂಗಿದ ಕುಕ್ಕರು ಒಮ್ಮೆಲೇ ಕಟ್ಟಿಕೊಂಡು ಬುಸುಗುಟ್ಟಿದ್ದು ಹಿತ್ತಲಿಗೂ ಕೇಳಿಸಿತು. ಹಂಸ ಓಡಿ ಬಂದು ಹೊಸಿಲ ಬಳಿ ನಿಂತು ಕೂಗಿದಳು. ಅವರು ಸೋರೆಕಾಯಿ ಹೆಚ್ಚುತ್ತಲೇ ಇದ್ದರು. ಒಳಗೆ ಕಾಲಿಡಬೇಕೋ ಬೇಡವೋ ಎಂದು ಅವಳು ಅನುಮಾನಿಸುತ್ತಿರುವಷ್ಟರಲ್ಲೇ ಕುಕ್ಕರಿನ ಮುಚ್ಚಳದ ಬಿರಡೆ ಹಾರಿ ಬೇಳೆಯೆಲ್ಲ ಸೂರಿಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಅರಕಲಗೂಡಿನ ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದ ಮುರಳಿ ಸಂಜೆ ಬಂದು ಸೂರು ನೋಡಿದ. ಮರುದಿನವೇ ಅರಕಲಗೂಡಿನ ಅಡುಗೆಯವರೊಬ್ಬರನ್ನು ಗೊತ್ತುಮಾಡಿ ಬಂದ. ಶ್ರಾವಣ ಕಳೆದ ಮೇಲೆ ಅವರೇ ಬಂದು ಅಡುಗೆ ಮಾಡುವುದೆಂದಾಯಿತು.

"ಅಮ್ಮ ಇಷ್ಟು ವರ್ಷ ಮಾಡಿದ್ದು ಸಾಕು. ಕೂತ್ಕೊಂಡು ಊಟ ಮಾಡ್ಲಿ" ಎಂದ.

ಶ್ರೀರಂಗಮ್ಮ ಆ ವಾರವೇ ಕಂಚಿನ ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಒರೆಸಿ, ಅಟ್ಟಕ್ಕೆ ಏರಿಸತೊಡಗಿದರು. ಹಂಸಳಿಗೆ ಅದನ್ನು ನೋಡಲಾಗಲಿಲ್ಲ. ಅತ್ತೆಯ ಅಡುಗೆಮನೆ ಅತ್ತೆಗೇ ಉಳಿಯಬೇಕು ಎಂದುಕೊಂಡು ಮೇಜಿನ ಮುಂದೆ ಕೂತಳು.

ಕುಕ್ಕರು ಕೂಗಿದ್ದನ್ನು ಎಣಿಸುವ ಯಂತ್ರ ಮಾಡಿದಳು. ಸದ್ದು ಹಿಡಿಯಲು ಪುಟ್ಟ ಮೈಕು, ಮೂರು ಕೂಗಿಗೆ ಒಂದು ಕೆಂಪು ದೀಪ. ಮೊದಲು ಅದು ಪಕ್ಕದ ಮನೆಯ ದೇವರಾಜ್ ಅವರ ಕುಕ್ಕರನ್ನೂ ಲೆಕ್ಕಕ್ಕೆ ಹಿಡಿಯಿತು. ಎರಡು ಮನೆಗೂ ಗೋಡೆ ಒಂದೇ. ಮೈಕಿನ ತಿರುಪು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರೋಗ್ರಾಮು ತಿದ್ದಿ, ತಮ್ಮ ಕುಕ್ಕರಿನದನ್ನು ಮಾತ್ರ ಗುರುತಿಸುವಂತೆ ಮಾಡುವ ಹೊತ್ತಿಗೆ ಅರ್ಧ ಶ್ರಾವಣ ಕಳೆದಿತ್ತು.

ಶ್ರೀರಂಗಮ್ಮ ಒಲೆಯ ಹಿಂದಿನ ಗೋಡೆಗೆ ಹಾಕಿದ್ದ ಕೆಂಪು ದೀಪವನ್ನು ನೋಡಿದರು.

"ಚೆನ್ನಾಗಿದೆ ಕಣೆ. ಆದ್ರೆ ಒಲೆ ಕಡೆ ತಿರುಗಿದ್ರೆ ನಂಗೆ ಹಬೇನೇ ಕಾಣತ್ತೆ. ತಿರುಗದೆ ಇದ್ರೆ ನಿನ್ನ ದೀಪಾನೂ ಕಾಣಲ್ಲ."

ಹಂಸ ಮೈಕು, ದೀಪ, ಗೋಡೆ ಎಲ್ಲವನ್ನೂ ಹತ್ತಾರು ಸಲ ಪರೀಕ್ಷಿಸಿದ್ದಳು. ಅತ್ತೆ ಎಲ್ಲಿ ಕೂರುತ್ತಾರೆ, ಯಾವ ಕಡೆಗೆ ಮುಖ ಮಾಡುತ್ತಾರೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಕುಕ್ಕರ್ ಕೂಗಿದ್ದು ಕೇಳದೆ ಇದ್ರೆ ಹೋಗ್ಲಿ" ಎಂದರು ಶ್ರೀರಂಗಮ್ಮ, ದನಿ ತಗ್ಗಿಸಿ. "ಅವತ್ತು ನೀನು ಕೂಗಿದ್ದು ಕೇಳಲಿಲ್ಲವಲ್ಲ. ಬಸವಲಿಂಗಮ್ಮನೂ ಹಾಗೇ ಕೂಗಿ ಕೂಗಿ ಹೋಗಿರಬೇಕು. ತಿಂಗಳಾಯ್ತು, ಈ ಕಡೆ ಸುಳಿದಿಲ್ಲ."

ಬಸವಲಿಂಗಮ್ಮ ಮೊಸಳೆ ಎಂಬ ಊರಿನಿಂದ ಬೆಳಗಿನ ಬಸ್ಸಿಗೆ ಹೂವು, ಬಾಳೆಎಲೆ ತಂದು ಮಾರುವ ಹೆಂಗಸು. ಹಂಸ ಮದುವೆಯಾಗಿ ಬರುವ ಮುಂಚಿನಿಂದಲೂ ಹಿತ್ತಲ ಬಾಗಿಲಿಗೆ ಬರುತ್ತಿದ್ದವಳು. ಮರುದಿನ ಹಂಸ ಬಸ್ ಸ್ಟ್ಯಾಂಡಿಗೇ ಹೋಗಿ ಅವಳನ್ನು ಹಿಡಿದಳು.

"ಮೂರು ದಪ ಕೂಗ್ದೆ ಕಣವ್ವ. ಕಲ್ಲಿನಂಗೆ ಕುಂತಿದ್ರು" ಎಂದಳು ಬಸವಲಿಂಗಮ್ಮ, ಹೂವು ಕಟ್ಟುವುದನ್ನು ನಿಲ್ಲಿಸದೆ. "ಬ್ಯಾಡ್ದಿದ್ರೆ ಬ್ಯಾಡ ಅನ್ನಲಿ. ತಿರುಗೂ ನೋಡ್ದೋರ ಬಾಗ್ಲಿಗೆ ನಾನ್ಯಾಕೋಗ್ಲಿ?"

"ಕಿವಿ ಕೇಳ್ಸಲ್ಲ ಅವ್ರಿಗೆ."

"ಅಂಗಂತ ಅವ್ರು ಏಳವ್ರಾ? ಇಲ್ವಲ್ಲ. ನೀನು ಏಳ್ತಿದ್ದೀಯ. ಭಾನುವಾರ ಬತ್ತೀನಿ ನಡಿ, ಒಂದು ದಪ ನೋಡ್ತೀನಿ."

ಹಂಸ ಮನೆಗೆ ಬಂದು ಯಂತ್ರವನ್ನೆಲ್ಲ ಬಿಚ್ಚಿದಳು. ಎಣಿಸುವುದೂ ಬೇಡ, ದೀಪವೂ ಬೇಡ. ಹಳೆಯ ಮೊಬೈಲಿನೊಳಗೆ ಗುರ್ ಎಂದು ಅದುರುವ ಚಿಕ್ಕ ಮೋಟಾರು ಇರುತ್ತದೆ. ಅದನ್ನು ತೆಗೆದು, ಒಂದು ಬೋರ್ಡಿಗೂ ಬ್ಯಾಟರಿಗೂ ಸೇರಿಸಿ, ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಳು. ಅಡುಗೆಮನೆಯ ಹೊಸಿಲಾಚೆ ಒಂದು ಸ್ವಿಚ್ಚು, ಹಿತ್ತಲ ಬಾಗಿಲಲ್ಲಿ ಇನ್ನೊಂದು. ಹೊಸಿಲಿನದು ಒತ್ತಿದರೆ ಒಂದು ಸಲ ಅದುರಬೇಕು, ಹಿತ್ತಲಿನದು ಒತ್ತಿದರೆ ಎರಡು ಸಲ. ಒಲೆಯ ಕಾವಿಗೆ ಬ್ಯಾಟರಿ ಬಿಸಿಯಾದೀತೆಂದು ಹೆದರಿ, ಮೊದಲು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು ಎರಡು ಸಂಜೆ ದೋಸೆ ಹುಯ್ದು ನೋಡಿದಳು.

ಉಳಿದದ್ದು ಒಂದೇ ತೊಡಕು. ಯಾರ್ಯಾರೋ ಮುಟ್ಟಿದ ಪ್ಲಾಸ್ಟಿಕ್ ಡಬ್ಬಿ ಮಡಿಸೀರೆಗೆ ತಾಗಬಹುದೇ? ಅವಳು ಹೆದರುತ್ತಲೇ ಕೇಳಿದಳು.

ಶ್ರೀರಂಗಮ್ಮ ಯೋಚಿಸಿದರು. "ಮಡೀಲಿದ್ದಾಗ ದೀಪದ ಸ್ವಿಚ್ಚು ಹಾಕಲ್ವೇ ನಾನು? ಕರೆಂಟಿಗೇನೂ ಮೈಲಿಗೆ ಇಲ್ಲ. ಡಬ್ಬೀದೇ ಯೋಚನೆ." ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಹಳೆಯದೊಂದು ರೇಷ್ಮೆ ರವಿಕೆ ತಂದರು. "ರೇಷ್ಮೆ ಯಾರು ಮುಟ್ಟಿದ್ರೂ ಮಡಿಯೇ. ಅಳತೆ ಕೊಡು, ಚೀಲ ಹೊಲೀತೀನಿ."

ಅವರ ಹೊಲಿಗೆ ಇವಳ ಬೆಸುಗೆಗಿಂತ ಅಚ್ಚುಕಟ್ಟಾಗಿತ್ತು.

ಭಾನುವಾರ ಮುರಳಿ ಪೇಪರು ಹಿಡಿದು ಹಿತ್ತಲ ಜಗಲಿಯಲ್ಲೇ ಕೂತಿದ್ದ. ಅವನಿಗೆ ನಂಬಿಕೆಯಿರಲಿಲ್ಲ. "ಬ್ಯಾಟರಿ ಮುಗಿದ ದಿನ ಏನ್ಮಾಡ್ತೀಯ?" ಎಂದು ಎರಡು ಸಲ ಕೇಳಿದ್ದ. "ರಾತ್ರಿ ಚಾರ್ಜಿಗೆ ಹಾಕ್ತೀನಿ" ಎಂದು ಹಂಸ ಎರಡು ಸಲವೂ ಹೇಳಿದ್ದಳು.

ಬಸವಲಿಂಗಮ್ಮ ಬಂದು ಬುಟ್ಟಿ ಇಳಿಸಿದಳು. ಹಂಸ ಸ್ವಿಚ್ಚು ತೋರಿಸಿದಳು.

"ಇದ ಒತ್ತಿದ್ರೆ ಅವ್ವಾರ್ಗೆ ಕರೆಂಟ್ ಒಡೆಯಾಕಿಲ್ವಾ?"

"ಇಲ್ಲ. ಒತ್ತು."

ಬಸವಲಿಂಗಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಒಳಗೆ ಒಲೆಯ ಮುಂದೆ ಶ್ರೀರಂಗಮ್ಮನವರ ಬೆನ್ನು ಕಾಣುತ್ತಿತ್ತು. ಆ ಬೆನ್ನು ಅಲುಗಲಿಲ್ಲ. ತಂತಿ ಬಿಟ್ಟಿತೇ, ಚೀಲ ಜಾರಿತೇ ಎಂದು ಹಂಸ ಇಣುಕಿದಳು. ಮುರಳಿ ಪೇಪರು ಮಡಿಸಿದ. ಬಸವಲಿಂಗಮ್ಮ ಬುಟ್ಟಿಯ ಕಡೆ ಬಗ್ಗಿದಳು.

"ಇರೇ ಬಸವಲಿಂಗಿ" ಎಂದಿತು ಒಳಗಿನ ದನಿ. "ಸಾಸಿವೆ ಸಿಡೀತಾ ಇದೆ. ಬಿಟ್ಟು ಬಂದ್ರೆ ಒಗ್ಗರಣೆ ಸೀದುಹೋಗತ್ತೆ."

ಒಲೆ ಆರಿಸಿ, ಸೌಟು ಕೆಳಗಿಟ್ಟು ಅವರು ಬಾಗಿಲಿಗೆ ಬಂದರು. ಮಡಿಯಲ್ಲಿದ್ದುದರಿಂದ ಎರಡು ಮಾರು ದೂರವೇ ನಿಂತರು.

"ಕೋಪ ಮಾಡ್ಕೊಂಡ್ಯಂತೆ."

"ಮಾಡ್ಕೊಳ್ದೆ? ಕಲ್ಲಿನಂಗೆ ಕುಂತಿದ್ರಿ."

ಶ್ರೀರಂಗಮ್ಮ ಅವಳ ತುಟಿಯನ್ನೇ ನೋಡುತ್ತಿದ್ದರು. ಅರ್ಧ ಕೇಳಿತೋ, ಅರ್ಧ ಊಹಿಸಿದರೋ. "ನಂಗೆ ಕಿವಿ ಕೇಳಲ್ಲ ಕಣೆ" ಎಂದರು. ಮನೆಯವರು ಯಾರೂ ಆ ಮಾತನ್ನು ಅಷ್ಟು ನೇರವಾಗಿ ಅವರ ಬಾಯಿಂದ ಕೇಳಿರಲಿಲ್ಲ. "ಇನ್ಮೇಲೆ ಬಂದಾಗ ಅದನ್ನ ಒತ್ತು. ಗೊತ್ತಾಗತ್ತೆ. ಕೈಲಿ ಕೆಲಸ ಇದ್ರೆ ತಡ ಆಗತ್ತೆ, ಅಷ್ಟೆ."

"ಆಗ್ಲಿ ಬುಡಿ. ತಡ ಆದ್ರೆ ಕುಂತಿರ್ತೀನಿ" ಎಂದು ಬಸವಲಿಂಗಮ್ಮ ಎಲೆ ಎಣಿಸತೊಡಗಿದಳು.

ಮುರಳಿ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, "ಅರಕಲಗೂಡಿನ ಅಡುಗೆಯವರಿಗೆ ಏನು ಹೇಳ್ಲಿ?" ಎಂದ.

"ನನ್ನ ಕೇಳಬೇಡಿ. ಅಮ್ಮನ್ನ ಕೇಳಿ."

ಅವನು ಅಡುಗೆಮನೆಯ ಹೊಸಿಲಿಗೆ ಹೋದ. ಶ್ರೀರಂಗಮ್ಮ ಮತ್ತೆ ಒಲೆಯ ಮುಂದೆ ನಿಂತಿದ್ದರು. ಅವನು ಕೂಗಲು ಬಾಯಿ ತೆರೆದ. ಆಮೇಲೆ ಸುಮ್ಮನಾಗಿ, ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಸಲ ಒತ್ತಿದ.

ಅಮ್ಮ ತಿರುಗಿದರು. "ಏನೋ ಮುರಳಿ?"

ಅವರ ಹಿಂದೆ ಅನ್ನ ಬಸಿದಿಟ್ಟಿತ್ತು. ಅಟ್ಟಕ್ಕೇರಿದ್ದ ಕಂಚಿನ ಪಾತ್ರೆಯೊಂದು ಆಗಲೇ ಕೆಳಗಿಳಿದು ಸಾರು ತುಂಬಿಕೊಂಡು ಕೂತಿತ್ತು. ಮುರಳಿ ಅದನ್ನು ನೋಡಿದ. ಕೇಳಬೇಕಾದದ್ದನ್ನು ಕೇಳದೆ, "ನೈವೇದ್ಯ ಎಷ್ಟೊತ್ತಿಗಮ್ಮ?" ಎಂದ.

"ಇನ್ನೇನು, ಆಯ್ತು. ಸ್ನಾನ ಮಾಡಿ ಬಾ, ಗಂಟೆ ಹೊಡೆಯೋದು ನೀನೇ" ಎಂದರು ಅವರು.

ಅಡುಗೆಯವರು ಬೇಡವೆಂದು ಅವನು ಸ್ನಾನಕ್ಕೆ ಹೋಗುವ ಮೊದಲೇ ಜಗಲಿಯಲ್ಲಿ ನಿಂತು ಫೋನು ಮಾಡಿದ.