ಕೆಟ್ಟ ಮಣಿಯೊಂದು ಬೇಕಾಗಿದೆ

ನಮ್ಮ ಅಡುಗೆಮನೆಯ ಕಪಾಟಿನ ಮೇಲ್ತುದಿಯಲ್ಲಿ ಒಂದು ಉಪ್ಪಿನಕಾಯಿ ಜಾಡಿ ಇದೆ. ಅದರಲ್ಲಿ ಈಗ ಉಪ್ಪಿನಕಾಯಿಯಿಲ್ಲ, ಮಣಿಗಳಿವೆ. ಮಣಿ ಎಂದೊಡನೆ ಮುತ್ತು ಹವಳಗಳನ್ನು ಕಲ್ಪಿಸಿಕೊಂಡು ನೀವು ಜಾಡಿಯೊಳಗೆ ಕೈ ಹಾಕಬೇಡಿ, ರಕ್ತ ಬಂದೀತು. ಬಿರುಕು ಬಿಟ್ಟವು, ಗೂನುಬೆನ್ನಿನವು, ಹೋಳಾದವು, ತೂತು ಎಲ್ಲಿದೆಯೆಂದು ಸ್ವತಃ ತಮಗೇ ಗೊತ್ತಿಲ್ಲದವು, ಗಾಜಿನಿಂದ ಆದವು ಎಂಬ ಒಂದು ಗುಣವನ್ನು ಬಿಟ್ಟರೆ ಮಣಿಯೆನಿಸಿಕೊಳ್ಳಲು ಬೇರಾವ ಅರ್ಹತೆಯೂ ಇಲ್ಲದವು. ಎಲ್ಲವೂ ನನ್ನ ಕೈಯ ಕೃತಿಗಳೇ. ಮನೆಗೆ ಬಂದವರು ಜಾಡಿಯ ಕಡೆ ನೋಡಿದರೆ ನನ್ನ ಹೆಂಡತಿ ಸುಜಾತ, “ಅದು ಇವ್ರು ಹಾಕಿರೋ ಉಪ್ಪಿನಕಾಯಿ. ಇನ್ನೂ ಕಳಿತಿಲ್ಲ” ಎನ್ನುತ್ತಾಳೆ.

ಶಿವಮೊಗ್ಗದ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಗಾಜನ್ನು ತಿರುಗುವ ಚಕ್ರಕ್ಕೆ ಹಿಡಿದು, ಚೌಕಟ್ಟಿನ ಅಳತೆಗೆ ಉಜ್ಜಿ ಉಜ್ಜಿ ಕೂರಿಸುವ ಕೆಲಸವನ್ನು ಒಂದು ಕಾಲದಲ್ಲಿ ನಾನೇ ಮಾಡುತ್ತಿದ್ದೆ. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ಗಾಜಿನ ಪುಡಿ ಮಿನುಗುತ್ತಿರುತ್ತಿತ್ತು. ಈಗ ಎಲ್ಲವೂ ಅಳತೆಗೆ ಕತ್ತರಿಸಿಕೊಂಡೇ ಪೆಟ್ಟಿಗೆಯಲ್ಲಿ ಬರುತ್ತವೆ. ಅದೂ ಗಾಜಲ್ಲ, ಪ್ಲಾಸ್ಟಿಕ್ಕು. ಊರಿನವರ ದೃಷ್ಟಿ ತಿದ್ದುವ ಮಹತ್ಕಾರ್ಯದಲ್ಲಿ ನನ್ನ ಕೈಗಳಿಗೆ ಉಳಿದ ಪಾಲೆಂದರೆ ಬಟ್ಟೆಯಿಂದ ಒರೆಸಿ ಕೊಡುವುದಷ್ಟೆ. ಕೆಲಸ ತಪ್ಪಿದ ಕೈಗಳು ಸುಮ್ಮನಿರುವುದಿಲ್ಲ ಸ್ವಾಮಿ, ಮೊಬೈಲು ಹಿಡಿಯುತ್ತವೆ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಹಪ್ಪಳ ಒತ್ತುವ ವಿಡಿಯೋ ನೋಡುತ್ತಿದ್ದವನ ಮುಂದೆ ಅದು ಮುಗಿದ ಮೇಲೆ ತಾನಾಗಿಯೇ ಇನ್ನೊಂದು ಬಂತು. ಯಾರದೋ ಎರಡು ಕೈಗಳು ಬೆಂಕಿಯ ನಾಲಗೆಗೆ ಗಾಜಿನ ಕಡ್ಡಿಯೊಂದನ್ನು ಹಿಡಿದು, ಕರಗಿದ ಗಾಜನ್ನು ತೆಳ್ಳನೆಯ ಕಂಬಿಯ ಸುತ್ತ ಸುತ್ತಿಕೊಳ್ಳುತ್ತಿದ್ದವು. ಅಂದು ಸಂಜೆ ಅಂಗಡಿಯ ಬಾಗಿಲು ಹಾಕುವುದನ್ನೇ ಮರೆತು ನಾನು ಅದನ್ನು ನೋಡುತ್ತ ಕುಳಿತಿದ್ದೆ.

ಆ ಕೈಗಳ ಒಡತಿ ಯಾವ ದೇಶದವಳೋ, ಅವಳ ಮುಖ ಹೇಗಿದೆಯೋ, ಇಂದಿಗೂ ನನಗೆ ತಿಳಿಯದು. ಅವಳ ಅಷ್ಟೂ ಪಾಠಗಳಲ್ಲಿ ಕಾಣುವುದು ಮೊಣಕೈವರೆಗಿನ ಎರಡು ಕೈಗಳು, ಆಗಾಗ ಅಡ್ಡ ಬರುವ ಬೆಕ್ಕಿನ ಬಾಲ. ನಾನು ಅವಳಿಗೆ ಕೈಯಮ್ಮ ಎಂದು ಹೆಸರಿಟ್ಟುಕೊಂಡೆ. ನಮ್ಮ ಹಿರಿಯರು ಗುರುಕುಲದಲ್ಲಿ ಕಟ್ಟಿಗೆ ಒಡೆದು, ನೀರು ಹೊತ್ತು, ಗುರುವಿನ ಮನಸ್ಸು ಕರಗುವವರೆಗೆ ಕಾದು ವಿದ್ಯೆ ಪಡೆದರಂತೆ. ನನ್ನ ಗುರುವನ್ನು ನಾನು ಬೇಕೆಂದಾಗ ನಿಲ್ಲಿಸುತ್ತೇನೆ, ಹಿಂದಕ್ಕೆ ಓಡಿಸುತ್ತೇನೆ, ಅರ್ಥವಾಗದಿದ್ದರೆ ಅರ್ಧ ವೇಗದಲ್ಲಿ ತೊದಲಿಸುತ್ತೇನೆ, ಊಟಕ್ಕೆ ಕರೆ ಬಂದರೆ ಮಾತಿನ ನಡುವೆಯೇ ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಇಷ್ಟು ಅವಿಧೇಯನಾದ ಶಿಷ್ಯನ ಮೇಲೆ ಕೈಯಮ್ಮ ಒಮ್ಮೆಯೂ ಸಿಡುಕಿದ್ದಿಲ್ಲ. ಪ್ರತಿ ಸಲವೂ ಅದೇ ತಾಳ್ಮೆಯಿಂದ, ಕಂಬಿಯನ್ನು ತಿರುಗಿಸುವುದು ನಿಲ್ಲಿಸಬೇಡಿ, ಬೆಂಕಿಗೆ ತೀರ ಹತ್ತಿರ ಹೋಗಬೇಡಿ, ಅವಸರ ಬೇಡ ಎಂದೇ ಹೇಳುತ್ತಾಳೆ.

ಗೋಪಾಳ ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ತಗಡಿನ ಮಾಡಿನ ಕೆಳಗೆ ನನ್ನ ಪಾಠಶಾಲೆ ತೆರೆಯಿತು. ಸಣ್ಣ ಗ್ಯಾಸ್ ಸಿಲಿಂಡರು ಬಂತು, ಬೆಂಕಿಯುಗುಳುವ ಟಾರ್ಚು ಬಂತು, ಬಣ್ಣಬಣ್ಣದ ಗಾಜಿನ ಕಡ್ಡಿಗಳು ಬಂದವು. ಕಾದ ಗಾಜಿನ ಹಳದಿ ಝಳ ಕಣ್ಣಿಗೆ ಹೊಡೆಯದಂತೆ ಬೇರೆಯೇ ಒಂದು ಕನ್ನಡಕ ಬೇಕೆಂದು ಕೈಯಮ್ಮ ಹೇಳಿದ್ದರಿಂದ ಅದನ್ನೂ ಆನ್‌ಲೈನಿನಲ್ಲಿ ತರಿಸಿದೆ. ಕನ್ನಡಕದ ಅಂಗಡಿಯವನ ಮನೆಗೇ ಕೊರಿಯರ್‌ನಲ್ಲಿ ಕನ್ನಡಕ ಬಂದದ್ದನ್ನು ಸುಜಾತ ಓಣಿಗೆಲ್ಲ ಹೇಳಿಕೊಂಡು ನಕ್ಕಳು. ಮೊದಲ ಮಣಿಯನ್ನು ಅಂಗೈ ಮೇಲಿಟ್ಟುಕೊಂಡು, “ಏನ್ರೀ ಇದು, ಯಾರ ಹಲ್ಲು?” ಎಂದೂ ಕೇಳಿದಳು.

ಕೈಯಮ್ಮನ ಹತ್ತಿರ ವಿದ್ಯುತ್ತಿನ ಕುಲುಮೆಯಿದೆ. ಮಾಡಿದ ಮಣಿಯನ್ನು ಅವಳು ಅದರೊಳಗೆ ಮಲಗಿಸಿ ನಿಧಾನವಾಗಿ ಆರಿಸುತ್ತಾಳೆ. ಬೇಗ ಆರಿದ ಗಾಜು ಸಿಟ್ಟಿನಿಂದ ಸೀಳಿಹೋಗುತ್ತದೆ. ನನ್ನ ಹತ್ತಿರ ಕುಲುಮೆಯಿಲ್ಲದ್ದರಿಂದಲೇ ಉಪ್ಪಿನಕಾಯಿ ಜಾಡಿ ಅಷ್ಟು ಬೇಗ ತುಂಬಿದ್ದು. ಪಾಠದಲ್ಲಿ ಇಲ್ಲದ ಉತ್ತರವನ್ನು ಎಲ್ಲಿ ಹುಡುಕುವುದೆಂದು ಯೋಚಿಸುತ್ತಿದ್ದಾಗ, ಭದ್ರಾವತಿಯ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬಿದ್ದಿರುವ ಹೊಟ್ಟಿನ ಬೂದಿ ನೆನಪಿಗೆ ಬಂತು. ಒಳಗೆ ಕೆಂಡವಿಟ್ಟುಕೊಂಡು ಹೊರಗೆ ಏನೂ ಅರಿಯದಂತೆ ಇರುವುದರಲ್ಲಿ ಅದನ್ನು ಮೀರಿಸುವಂಥದ್ದು ಬೇರೊಂದಿಲ್ಲ. ಒಂದು ಚೀಲ ಬೂದಿ ತಂದು, ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿ, ಮಣಿಯನ್ನು ಅದರಲ್ಲಿ ಹೂತಿಟ್ಟೆ. ಮರುದಿನ ಬೆಳಿಗ್ಗೆ ಕೆದಕಿ ನೋಡಿದರೆ ಮಣಿ ಇಡಿಯಾಗಿತ್ತು. ಚಂದ್ರಲೋಕಕ್ಕೆ ಹೋಗಿ ಬಂದವರಿಗೂ ಅಷ್ಟು ಹೆಮ್ಮೆಯಾಗಿರಲಾರದು.

ಆ ಹೆಮ್ಮೆಯನ್ನು ತೋರಿಸಲು ನನಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಬ್ಬಳೇ. ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಗಿರಿಜಕ್ಕ. ನನ್ನನ್ನು ಎತ್ತಿ ಆಡಿಸಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು. ನನ್ನ ಮಟ್ಟಿಗೆ ಅವಳು ಅರ್ಧ ಅಮ್ಮ, ಪೂರ್ತಿ ಹೆಡ್‌ಮಾಸ್ತರು. ಅಕ್ಕನಿಗೊಂದು ವ್ರತವಿದೆ. ಅವಳು ಯಾವುದನ್ನೂ ಹೊಗಳುವುದಿಲ್ಲ. ಅದು ಜಿಪುಣತನವಲ್ಲ, ಭಯ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಅದಕ್ಕೆ ದೃಷ್ಟಿಯಾಗುತ್ತದೆ ಎಂಬುದು ಅವಳ ಅಚಲ ನಂಬಿಕೆ. ಹೂ ಬಿಟ್ಟ ಮಲ್ಲಿಗೆ ಬಳ್ಳಿಗೆ ಅವಳು, “ಎಲೆ ಹಳದಿ ಆಗಿದೆ” ಎನ್ನುತ್ತಾಳೆ. ನಾನು ಅಂಗಡಿ ತೆರೆದ ದಿನ ಸುತ್ತ ನೋಡಿ, “ಬಾಗಿಲು ಚಿಕ್ಕದಾಯ್ತೇನೋ” ಎಂದಿದ್ದಳು. ನನ್ನ ಮದುವೆಯಲ್ಲಿ ಹೊಸ ಮದುಮಗಳನ್ನು ನೋಡಿ ಅವಳು ಆಡಿದ ಮಾತನ್ನು ಮಾತ್ರ ಇಲ್ಲಿ ಬರೆಯಲಾರೆ, ಈ ಪ್ರಬಂಧವನ್ನು ಮೊದಲು ಓದುವವಳು ಸುಜಾತ.

ಬುದ್ಧಿಗೆ ಇದೆಲ್ಲ ಅರ್ಥವಾಗುತ್ತದೆ. ಆದರೆ ಮನಸ್ಸೆಂಬುದು ಕೂದಲು ನರೆತ ಮೇಲೂ ಲಂಗೋಟಿ ಹಾಕಿಕೊಂಡೇ ಓಡಾಡುತ್ತಿರುತ್ತದೆ. ಅಕ್ಕನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಪ್ರತಿ ಹೊಸ ವಿದ್ಯೆ ಕಲಿತಾಗಲೂ, ಒಳಗೆ ಹೂವರಳಿದ ಮಣಿ, ನವಿಲ ಕಣ್ಣಿನ ಮಣಿ, ನೀರ ಗುಳ್ಳೆ ಹಿಡಿದಿಟ್ಟ ಮಣಿ, ಹೀಗೆ ಒಂದೊಂದನ್ನು ಜೇಬಿನಲ್ಲಿಟ್ಟುಕೊಂಡು ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗುವ ಬಸ್ಸು ಹತ್ತುತ್ತಿದ್ದೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, “ತೂತು ನೆಟ್ಟಗಿದೆ” ಎಂದು ವಾಪಸು ಕೊಡುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ನಾನೂ ಒಂದು ಕಣ್ಣು ಮುಚ್ಚಿ ಆ ತೂತಿನಿಂದ ಹೊರಗೆ ನೋಡುತ್ತಿದ್ದೆ.

ಹೀಗಿರುವಾಗ ಅಕ್ಕನ ಮಗಳಿಗೆ ಹೆಣ್ಣುಮಗುವಾಯಿತು. ತೊಟ್ಟಿಲ ಶಾಸ್ತ್ರಕ್ಕೆ ಕರೆಯಲು ಫೋನು ಮಾಡಿದ ಅಕ್ಕ, ಎಲ್ಲ ಹೇಳಿ ಮುಗಿಸಿ, ಕೊನೆಗೆ ಎಂದಳು: “ಪುಟ್ಟೂ, ಆ ಬೆಂಕಿ ಮುಂದೆ ಕೂರೋದು ಇನ್ನೂ ನಡೀತಿದ್ಯಾ? ಹಂಗಾದ್ರೆ ತೊಟ್ಟಿಲಿಗೆ ಕಟ್ಟೋಕೆ ಒಂದು ದೃಷ್ಟಿಮಣಿ ಮಾಡ್ಕೊಂಡು ಬಾ. ಚಂದ ಗಿಂದ ಏನೂ ಬೇಡ ಮಾರಾಯ. ನೋಡಿದೋರು ಮುಖ ತಿರುಗಿಸ್ಬೇಕು, ಅಷ್ಟು ಕೆಟ್ಟದಾಗಿರ್ಲಿ. ನಿನ್ನ ಕೈಲಿ ಅದು ಆಗತ್ತೆ.”

ನೀವೇ ಹೇಳಿ, ನಕ್ಕುಬಿಡಲೇ, ಅಳಲೇ? ಅಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಸಾಮರ್ಥ್ಯದ ಮೇಲೆ ವಿಶ್ವಾಸ ತೋರಿಸಿದ್ದಳು. ಅವಳ ಬೇಡಿಕೆಯಲ್ಲಿ ತರ್ಕವೂ ಇತ್ತೆನ್ನಿ. ಹೊಸ ಮನೆಗೆ ನಾಲಗೆ ಚಾಚಿದ ಗೊಂಬೆ ಕಟ್ಟುತ್ತೇವೆ, ಬೂದುಗುಂಬಳಕ್ಕೆ ಮೀಸೆ ಬರೆದು ತೂಗುಹಾಕುತ್ತೇವೆ. ನೋಡುವವರ ಕಣ್ಣು ಮೊದಲು ವಿಕಾರದ ಮೇಲೆ ಬಿದ್ದು, ಅಲ್ಲೇ ಹೇಸಿ ಹಿಂದಿರುಗಲಿ, ಚಂದದ್ದು ಬಚಾವಾಗಲಿ ಎಂದು. ಸುಜಾತ ಸಂಭ್ರಮದಿಂದ ಜಾಡಿ ಇಳಿಸಿ, “ನೋಡಿ, ಕಡೆಗೂ ನಿಮ್ಮ ಉಪ್ಪಿನಕಾಯಿ ಕಳೀತು” ಎಂದಳು. ಆದರೆ ಒಡಕು ಗಾಜನ್ನು ಮಗುವಿನ ತೊಟ್ಟಿಲಿಗೆ ಕಟ್ಟಲಾದೀತೆ? ಕೆಟ್ಟದಾಗಿರಬೇಕು, ಆದರೆ ಹೊಸದಾಗಿರಬೇಕು, ನುಣುಪಾಗಿರಬೇಕು, ಗಟ್ಟಿಯಾಗಿರಬೇಕು.

ಅದಕ್ಕೇನಂತೆ ಎಂದು ಬೆಂಕಿ ಹಚ್ಚಿ ಕುಳಿತೆ. ಕಪ್ಪು ಗಾಜನ್ನು ಕಂಬಿಗೆ ಸುತ್ತಿದೆ. ಬಂದದ್ದು ನೇರಳೆ ಹಣ್ಣಿನಂಥ ದುಂಡು ಮಣಿ! ಅದನ್ನು ಬದಿಗಿಟ್ಟು ಇನ್ನೊಂದು ಮಾಡಿದೆ. ಅದು ಇನ್ನೂ ದುಂಡಗಿತ್ತು. ಬೇಕೆಂದೇ ಸೊಟ್ಟ ಮಾಡಲು ಹೋದರೆ ಬೆರಳುಗಳು ನನ್ನ ಕಣ್ಣು ತಪ್ಪಿಸಿ ಅದನ್ನು ತಿದ್ದಿಬಿಡುತ್ತಿದ್ದವು. ವರ್ಷಗಟ್ಟಲೆ ಕೈಯಮ್ಮ ಕಿವಿಯಲ್ಲಿ ಹೇಳಿದ್ದೆಲ್ಲ ಇಳಿದು ಇಳಿದು ಬೆರಳ ತುದಿಯಲ್ಲಿ ಮನೆ ಮಾಡಿಕೊಂಡಿತ್ತು. ಒಂದು ಕಾಲಕ್ಕೆ ಜಾಡಿಗಟ್ಟಲೆ ಸಲೀಸಾಗಿ ಮಾಡಿದ್ದ ಕೆಟ್ಟ ಮಣಿ, ಬೇಕೆಂದಾಗ ಒಂದೂ ಬರಲೊಲ್ಲದು. ಅಕ್ಕ ನನ್ನನ್ನು ಕೇಳಿದ್ದು ಇದೊಂದೇ, ಅದೂ ನನ್ನಿಂದ ಆಗದೇ ಹೋದೀತೆಂದು ನಿಜಕ್ಕೂ ಹೆದರಿಕೆಯಾಯಿತು.

ಕೊನೆಗೆ ಮೊಬೈಲನ್ನು ಒಗೆಯುವ ಕಲ್ಲಿಗೆ ಆನಿಸಿಟ್ಟು ಕೈಯಮ್ಮನನ್ನೇ ಕರೆದೆ. ಹೊಸಬರು ಮಾಡುವ ತಪ್ಪುಗಳ ಬಗ್ಗೆ ಅವಳದೊಂದು ಪಾಠವಿದೆ. ಅದನ್ನು ಹಚ್ಚಿ, ಅವಳು ಬೇಡವೆಂದದ್ದನ್ನೆಲ್ಲ ಶ್ರದ್ಧೆಯಿಂದ ಮಾಡತೊಡಗಿದೆ. ತಿರುಗಿಸುವುದನ್ನು ನಿಲ್ಲಿಸಬೇಡಿ ಎಂದಳು, ನಿಲ್ಲಿಸಿದೆ. ಮಣಿ ಒಂದು ಪಕ್ಕಕ್ಕೆ ಜೋತು, ಎಳನೀರು ಕುಡಿದ ಹೊಟ್ಟೆಯಂತಾಯಿತು. ಅತಿಯಾಗಿ ಕಾಯಿಸಬೇಡಿ, ಬಣ್ಣ ಹರಡುತ್ತದೆ ಎಂದಳು. ಕಾಯಿಸಿದೆ. ಬಿಳಿ ಗಾಜಿನಿಂದ ಎಳೆದ ಗೆರೆ ಕಪ್ಪಿನೊಳಗೆ ಒಡೆದು, ಹೆಂಚಿನ ಸಂದಿಯಿಂದೇಳುವ ಹೊಗೆಯಂತೆ ಕವಲಾಯಿತು. ಧೂಳು ಸೋಕದಂತೆ ನೋಡಿಕೊಳ್ಳಿ ಎಂದಳು, ಹೊಟ್ಟಿನ ಬೂದಿಯಲ್ಲೇ ಹೊರಳಿಸಿ ಮತ್ತೆ ಬೆಂಕಿಗೆ ಹಿಡಿದೆ. ಚುಕ್ಕೆಗಳನ್ನು ಸಮನಾಗಿ ಇಡಿ ಎಂದಳು, ಇಡೀ ಮಣಿಗೆ ಒಂದೇ ಒಂದು ದಪ್ಪ ಬಿಳಿ ಚುಕ್ಕೆಯನ್ನು ಎಲ್ಲೋ ಮೂಲೆಯಲ್ಲಿ ಮೆತ್ತಿದೆ. ದೃಷ್ಟಿಮಣಿಯ ಕಣ್ಣು ಅದು. ಅದರ ನಡುವೆ ಕರಿ ಪಾಪೆ ಇಡಬೇಕು, ಇಡಲಿಲ್ಲ. ಕುರುಡು ಕಣ್ಣು ಇನ್ನೂ ವಿಕಾರವಾಗಿ ಕಂಡೀತೆಂಬ ದುರಾಸೆ. ಅಂಚುಗಳನ್ನು ಮಾತ್ರ ನುಣ್ಣಗೆ ಮಾಡಿ ಬೂದಿಯಲ್ಲಿ ಮಲಗಿಸಿದೆ.

ಆ ರಾತ್ರಿಯಿಡೀ ಒಂದು ವಿಚಾರ ನನ್ನನ್ನು ಕೆಣಕುತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪುಗಳೆಲ್ಲ ಜಾಡಿ ಸೇರಿದವು. ಗೊತ್ತಿದ್ದು ಮಾಡಿದ ತಪ್ಪು ಏನಾಗುತ್ತದೆ? ಕೈಯಮ್ಮನ ಮಾತನ್ನು ಅಷ್ಟು ಕ್ರಮವಾಗಿ ಮೀರಬೇಕಾದರೆ ಮೊದಲು ಅಷ್ಟೇ ಕ್ರಮವಾಗಿ ಕೇಳಿರಬೇಕಿತ್ತು. ತಿರುಗಿಸುವುದನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಿದರೆ ಗಾಜು ಬೀಳದೆ ಬರಿದೇ ಜೋಲುತ್ತದೆ ಎಂಬುದನ್ನು ಅವಳು ಯಾವ ಪಾಠದಲ್ಲೂ ಹೇಳಿಕೊಟ್ಟಿಲ್ಲ. ಆದರೂ ಅದು ನನಗೆ ಗೊತ್ತಿತ್ತು, ಮತ್ತು ಅವಳಿಂದಲೇ ಗೊತ್ತಾಗಿತ್ತು. ಇಷ್ಟು ದಿನ ನಾನು ಮಾಡಿದ್ದು ಅವಳ ಮಣಿಗಳನ್ನು, ನನ್ನ ಹಿತ್ತಲಲ್ಲಿ ಕುಳಿತು. ಬೂದಿಯೊಳಗೆ ಮಲಗಿದ್ದದ್ದು ಬೇರೆ ಯಾರದೂ ಆಗಿರಲಿಲ್ಲ.

ಬೆಳಿಗ್ಗೆ ಕೆದಕಿ ತೆಗೆದು ಒರೆಸಿದೆ. ಸುಜಾತ ಕಾಫಿ ಲೋಟ ಹಿಡಿದು ಬಂದವಳು, ಲೋಟ ಕೊಡುವುದನ್ನು ಮರೆತು ಅದನ್ನೇ ನೋಡಿದಳು.

“ಕೆಟ್ಟದಾಗಿದೆ ಅಲ್ವಾ?” ಎಂದೆ.

“ಮುಖ ತಿರುಗಿಸೋಕೆ ಆಗ್ತಿಲ್ಲ ಕಣ್ರೀ” ಎಂದಳು.

ಬೇರೆ ಮಾಡಲು ಹೊತ್ತಿರಲಿಲ್ಲ. ಅದನ್ನೇ ಹಿಡಿದು ಬಸ್ಸು ಹತ್ತಿದೆವು. ಭದ್ರಾವತಿಯಲ್ಲಿ ಅಕ್ಕನ ಮನೆ ಹೆಂಗಸರಿಂದ ಗಿಜಿಗುಡುತ್ತಿತ್ತು. ಕರಿ ದಾರಕ್ಕೆ ಪೋಣಿಸಿ ಮಣಿಯನ್ನು ತೊಟ್ಟಿಲ ಸರಪಳಿಗೆ ಕಟ್ಟಿ ನಾನು ಗೋಡೆಯ ಪಕ್ಕ ಸರಿದು ನಿಂತೆ. ಬಂದವರು ಒಬ್ಬೊಬ್ಬರಾಗಿ ತೊಟ್ಟಿಲೊಳಗೆ ಬಗ್ಗುವರು, ಬಗ್ಗಿದವರು ಅರ್ಧಕ್ಕೇ ನಿಲ್ಲುವರು. “ಗಿರಿಜಮ್ಮಾ, ಇದೆಲ್ಲಿ ಸಿಗ್ತು? ಮೋಡ ಹಿಡಿದಿಟ್ಟ ಹಾಗಿದೆಯಲ್ರೀ!” ಎಂದರು ಒಬ್ಬರು. ಪಕ್ಕದ ಮನೆಯ ಸೆಲ್ವಿಯಮ್ಮ ಮಣಿಯನ್ನು ಬೆರಳಿನಿಂದ ತಿರುಗಿಸಿ, “ಅಯ್ಯೋ, ಏನು ಅಳಗು, ಏನು ಚಂದ! ನಂಗೂ ಒಂದು ಬೇಕು ಸಾರ್” ಎಂದು ನನ್ನ ಕಡೆಗೇ ನೋಡಿದರು. ಚಂದವಲ್ಲದ್ದನ್ನು ಕೇಳಿದರೆ ಇವನು ಮನೆತುಂಬ ಹೊಗಳಿಸಿಕೊಳ್ಳುವುದನ್ನು ತಂದಿದ್ದಾನೆ ಎಂಬಂತೆ ಅಕ್ಕನ ಮುಖ ಗಂಟಿಕ್ಕುತ್ತಿತ್ತು. ಸಭಿಕರ ಶ್ಲಾಘನೆ ಹೆಚ್ಚಿದಷ್ಟೂ ನಾನು ಗೋಡೆಯೊಳಗೆ ಇಳಿದುಹೋಗುತ್ತಿದ್ದೆ.

ಆರತಿಗೆ ಮೊದಲು ಅಕ್ಕ ಕಾಡಿಗೆ ಹಿಡಿದು ಬಂದಳು. ಮಗುವಿನ ಕೆನ್ನೆಗೆ ಬೆರಳಿನಿಂದ ಒಂದು ಬೊಟ್ಟಿಟ್ಟಳು. ಆಮೇಲೆ ಮಣಿಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಒಂದು ಕಣ್ಣು ಮುಚ್ಚಲಿಲ್ಲ, ತೂತು ನೋಡಲಿಲ್ಲ. ಎರಡೂ ಕಣ್ಣಿನಿಂದ ಸುಮ್ಮನೆ ನೋಡಿದಳು. ಬಿಚ್ಚಿ ನನ್ನ ಕೈಗಿಡುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಮತ್ತೊಮ್ಮೆ ಕಾಡಿಗೆಗೆ ಬೆರಳದ್ದಿ, ಮಣಿಯ ಆ ಕುರುಡು ಬಿಳಿಯ ನಟ್ಟನಡುವೆ ಒಂದು ಬೊಟ್ಟಿಟ್ಟಳು.

ದೃಷ್ಟಿಮಣಿಗೇ ದೃಷ್ಟಿಬೊಟ್ಟು! ಮಣಿ ಥಟ್ಟನೆ ಕಣ್ಣು ಬಿಟ್ಟು ನನ್ನನ್ನೇ ನೋಡಿತು. ನನ್ನ ಕಣ್ಣು ತುಂಬಿಕೊಂಡು ಎದುರಿಗಿದ್ದದ್ದೆಲ್ಲ ಮಸುಕಾಯಿತು.

ಅಕ್ಕ ಸೆರಗಿಗೆ ಬೆರಳೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ ಹಲ್ಲು ಕಚ್ಚಿ ಗದರಿದಳು: “ಇಂಥದ್ದನ್ನ ಎಲ್ರ ಕಣ್ಣಿಗೆ ಬೀಳೋ ಹಂಗೆ ತಂದು ಕಟ್ತಾರೇನೋ? ಬುದ್ಧಿ ಬೇಡ್ವಾ ನಿಂಗೆ?”

ಅಷ್ಟು ಚೆನ್ನಾಗಿ ಅವಳು ನನ್ನನ್ನು ಎಂದೂ ಬೈದಿರಲಿಲ್ಲ.