ಕೈ ನಿಂತ ಮೇಲೆ ಮಾತು

ನನ್ನ ಬಾಯಿಗೆ ಬೀಗವಿಲ್ಲ ಎಂದು ಮನೆಯವರು ರೇಗಿಸುತ್ತಿರುತ್ತಾರೆ. ಸುಳ್ಳೇನಲ್ಲ. ಕೊಳ್ಳೇಗಾಲದ ಶಾಲೆಯೊಂದರಲ್ಲಿ ಮೂರನೇ ತರಗತಿಯ ಟೀಚರ್ ನಾನು. ಒಂದು ಪ್ರಶ್ನೆಗೆ ಉತ್ತರ ಬರುವ ಮೊದಲೇ ಇನ್ನೊಂದನ್ನು ಎಸೆಯುವವಳು. ಆ ವರ್ಷ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಎದ್ದು ನಿಂತರೆ ನಿಂತೇ ಇರುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ದಸರಾ ರಜೆ ಕಳೆದ ಮೇಲಂತೂ ಬೆಳಗಾದರೆ ವಾಟ್ಸಾಪಿನಲ್ಲಿ ಅವಳ ಅಮ್ಮನ ದನಿ: "ಒಟ್ಟೆನೋವು ಮಿಸ್, ಇವತ್ತೂ ಬರಕಿಲ್ಲ." ಡಾಕ್ಟರು ನೋಡಿ ಏನೂ ಇಲ್ಲ ಅಂದಿದ್ದರಂತೆ. ಮಗು ಶಾಲೆಯನ್ನೇ ಬಿಟ್ಟುಬಿಡುತ್ತದೆ ಎಂದು ನನಗೆ ದಿಗಿಲಾಯಿತು. ಒಂದು ಸಂಜೆ ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋದೆ.

ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಹುಡುಗಿ ಮಗ್ಗದ ಪಕ್ಕ ನಿಂತಿದ್ದಳು. ಲಾಳಿ ಅತ್ತಿಂದಿತ್ತ ಓಡುತ್ತಿದ್ದಷ್ಟು ಹೊತ್ತೂ ಅವಳು ತುಟಿಪಿಟಕ್ಕೆನ್ನಲಿಲ್ಲ. ಸೀರೆಯ ಹೂವಿನ ಬುಟ್ಟಾ ಒಂದು ಮುಗಿಯಿತು. ಅಪ್ಪ ಕೈ ನಿಲ್ಲಿಸಿ, ತಿರುಗಿ, "ಏನವ್ವ?" ಎಂದರು. ಅಷ್ಟೇ. ಬೆಕ್ಕು ಮರಿ ಹಾಕಿದ್ದು, ಪಕ್ಕದ ಮನೆಯ ಅಜ್ಜಿ ಜಾರಿ ಬಿದ್ದದ್ದು, ತನಗೆ ಕೆಂಪು ರಿಬ್ಬನ್ ಬೇಕಾದದ್ದು, ಎಲ್ಲ ಪಟಪಟನೆ ಉದುರಿತು. ನಾನು ಬಾಗಿಲಲ್ಲೇ ಕಣ್ಣರಳಿಸಿ ನಿಂತೆ.

ಅವಳ ಅಮ್ಮ ಟೀ ಕೊಡುತ್ತಾ ಹೇಳಿದರು: "ನೇಯೋವಾಗ ಮಾತಾಡ್ಸುದ್ರೆ ಎಳೆ ತಪ್ಪೋಯ್ತದೆ ಮಿಸ್. ಅದ್ಕೇ ಕೈ ನಿಂತ್ ಮ್ಯಾಲೇ ಮಾತಾಡ್ಬೇಕು ಅಂತ ಮೊದ್ಲಿಂದ್ಲೂ ಏಳ್ಕೊಟ್ಟಿದೀವಿ."

ಈ ಮಗು ಜೂನ್ ತಿಂಗಳಿಂದ ನನ್ನ ಮಾತು ನಿಲ್ಲಲಿ ಎಂದು ಕಾಯುತ್ತಿದೆ, ನಾನು ನಿಲ್ಲಿಸಿಯೇ ಇಲ್ಲ! ಯಳಂದೂರಿನ ನಮ್ಮ ಮನೆಗೆ ಮರಳುವ ಬಸ್ಸಿನಲ್ಲಿ ಸುಮ್ಮನೆ ಕೂರಲಾಗದಷ್ಟು ಸಂಭ್ರಮ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೂ ಪೂರ್ತಿ ಕತೆ ಹೇಳಿದೆ. ಮನೆಯಲ್ಲಿ ಗಂಡ ಕೇಳಿಸಿಕೊಂಡು, "ಅವ್ಳು ಕಾಯೋದಿರ್ಲಿ, ನಿಂಗೆ ನಿಲ್ಸಕೆ ಬಂದದಾ?" ಎಂದು ನಕ್ಕರು.

ನಾನು ಹೇಳಿಬಂದಿದ್ದಂತೆ ಮರುದಿನ ಹುಡುಗಿಯನ್ನು ಅವಳ ಅಮ್ಮ ಕರೆತಂದು ಬಿಟ್ಟುಹೋದರು. ನಾನು ಸೀಮೆಸುಣ್ಣ ಕೆಳಗಿಟ್ಟು, ಹೋಗಿ ಅವಳ ಬೆಂಚಿನಲ್ಲೇ ಕುಳಿತೆ. "ಯಾಕವ್ವ ಹೊಟ್ಟೆನೋವು?" ಎಂದು ಕೇಳಿ ಬಾಯಿ ಮುಚ್ಚಿದೆ. ನಾಲಿಗೆ ತುರಿಸುತ್ತಿತ್ತು. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾದರೂ ಗದರಲಿಲ್ಲ. ಕೊನೆಗೂ ಅವಳು ತಲೆ ಎತ್ತಿದಳು.

"ನಿಂಗೆ ಮಾತು ಬರಲ್ವಾ ಅಂತ ನೀವು ಒಂದಿನ ಕೇಳುದ್ರಲ್ಲ ಮಿಸ್, ಆವತ್ತಿಂದ ಎಲ್ರೂ ನನ್ನ ಮೂಗಿ ಅಂತಾರೆ. ಸ್ಕೂಲು ಅಂದ್ರೆ ಒಟ್ಟೆ ನೋಯ್ತದೆ."

ಹಾಗೆ ಅಂದದ್ದು ನನಗೆ ನೆನಪೂ ಇರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಹೇಳಿಬಿಟ್ಟಳಲ್ಲ ಎಂದು ಖುಷಿಯೂ ಆಯಿತು. ಎಲ್ಲ ಮಕ್ಕಳೆದುರು ಎದ್ದು, "ತಪ್ಪು ನಂದು ಕಣವ್ವ" ಎಂದೆ. ಇನ್ನೂ ಹತ್ತು ಮಾತು ಬಾಯಿಗೆ ಬಂದವು, ನುಂಗಿಕೊಂಡೆ.

ಅವಳು ಒಂದು ಗಳಿಗೆ ಕಾದಳು. ನನ್ನ ಮಾತು ಮುಗಿದದ್ದು ಖಾತ್ರಿಯಾದ ಮೇಲೆ ಹತ್ತಿರ ಸರಿದು, "ಇನ್ನೂ ಒಂದದೆ ಮಿಸ್" ಎಂದಳು.